ಬಾಯಲ್ಲಿ ಬೆಲ್ಲವಿರುವಷ್ಟು ಹೊತ್ತು

ನಮ್ಮೂರಿನಲ್ಲಿ ಹುಡುಗ ಹುಡುಗಿ ಮನೆಯವರಿಗೆ ಒಪ್ಪಿಗೆಯಾಗದ ಪ್ರೀತಿಗೆ ಬಿದ್ದರೆ ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಕೋಣೆಯಲ್ಲಿ ಕೂಡಿಹಾಕುವುದೂ ಇಲ್ಲ. ಅಷ್ಟು ಕೆಟ್ಟ ಜನ ನಾವಲ್ಲ. ಇಬ್ಬರಿಗೂ ಬಣ್ಣ ಹಚ್ಚಿ ನಾಟಕಕ್ಕೆ ನಿಲ್ಲಿಸುತ್ತೇವೆ. ಬೆಳಗಿನ ಊಟ ಮುಗಿಸಿ ಅಟ್ಟಣೆ ಹತ್ತಿದರೆ, ಬಿಸಿಲು ಇಳಿಯುವ ಮೊದಲು ಒಬ್ಬರಿಗಾಗಿ ಒಬ್ಬರು ಸತ್ತು ಮುಗಿಸಿರುತ್ತಾರೆ. ಆಮೇಲೆ ಕೆರೆಗೆ ಕರೆದುಕೊಂಡು ಹೋಗಿ ಮುಖ ತೊಳೆಸಿದರೆ ಬಣ್ಣದ ಜೊತೆಗೆ ಪ್ರೀತಿಯೂ ನೀರಿಗೆ ಹೋಗುತ್ತದೆ. ಹುಡುಗಿ ಹೆಂಗಸರ ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಾಳೆ, ಹುಡುಗ ಗಂಡಸರ ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಾನೆ. ಹಿಂತಿರುಗಿ ನೋಡಿದವರನ್ನು ನಾನು ಕಂಡಿರಲಿಲ್ಲ.

ನಾನೂ ಹಿಂತಿರುಗಿ ನೋಡಿದವಳಲ್ಲ. ನನ್ನ ಹೆಸರು ನಿಂಗಾಜಮ್ಮ. ಬಣ್ಣದ ಈರಯ್ಯ ಅಂತ ನಾಟಕಕ್ಕೆ ಬಣ್ಣ ಹಚ್ಚುವವನೊಬ್ಬ ಇದ್ದಾನಲ್ಲ, ಹರೆಯದಲ್ಲಿ ಅವನಿಗಾಗಿ ನಾನು ಅನ್ನ ನೀರು ಬಿಟ್ಟಿದ್ದೆನಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ಅನ್ನ ಬಿಟ್ಟದ್ದು ನೆನಪಿದೆ, ಯಾಕೆ ಬಿಟ್ಟೆ ಅನ್ನುವುದು ನೆನಪಿಲ್ಲ. ಕೆರೆಯಲ್ಲಿ ಮುಖ ತೊಳೆದು ಕಣ್ಣು ಬಿಟ್ಟಾಗ ಎದುರಿಗೆ ಉದ್ದ ಮೂಗಿನ ಒಬ್ಬ ಗಂಡಸು ನಿಂತಿದ್ದ, ಅಷ್ಟೇ. ಆಮೇಲೆ ಬೇರೆ ಕಡೆ ಮದುವೆಯಾಯಿತು. ಗಂಡ ಒಳ್ಳೆಯವನೇ, ಪಾಪ, ಬೇಗ ಹೋಗಿಬಿಟ್ಟ. ಆದರೆ ಕೆರೆಯಿಂದ ಎದ್ದ ದಿನದಿಂದ ನನ್ನೊಳಗೆ ಒಂದು ಸಿಟ್ಟು ಉಳಿದಿತ್ತು. ಯಾರ ಮೇಲೆ ಅಂತ ಗೊತ್ತಿಲ್ಲ. ಮನೆಗೆ ಕಳ್ಳ ನುಗ್ಗಿದ್ದು ಗೊತ್ತು, ಏನು ಹೋಯಿತು ಅಂತ ಗೊತ್ತಿಲ್ಲ, ಅಂಥ ಸಿಟ್ಟು.

ನಾಟಕದ ಕಥೆ ಹೇಳುತ್ತೇನೆ, ಕೇಳಿ. ರಾಜಕುಮಾರಿ ಕುಮುದಾಂಗಿ ದೋಣಿಗಾಗಿ ಕಾಯುತ್ತಾ ನಿಂತಿರುತ್ತಾಳೆ. ಶತ್ರು ರಾಜ್ಯದ ಮಯೂರಕೇತು ಕುದುರೆ ಮೇಲೆ ಬರುತ್ತಾನೆ. ಮೊದಲನೇ ಹಾಡಿಗೆ ನೋಡಿದರು, ಎರಡನೇ ಹಾಡಿಗೆ ಹಾರ ಹಾಕಿಕೊಂಡರು. ನಿನ್ನ ಊರು ಯಾವುದು, ಊಟ ಆಯಿತಾ, ಒಂದು ಮಾತಿಲ್ಲ. ರಾಜನಿಗೆ ಗೊತ್ತಾಗಿ ಕೂಗಾಡುತ್ತಾನೆ. ಈ ಹುಡುಗ ರೋಷಕ್ಕೆ ಬಿದ್ದು, "ನಿನ್ನ ವೈರಿಗಳನ್ನೆಲ್ಲ ಗೆದ್ದು ಬಂದು ಮಗಳನ್ನು ಕೇಳುತ್ತೇನೆ" ಅಂತ ಕವಚವನ್ನೂ ತೊಡದೆ ಯುದ್ಧಕ್ಕೆ ಹೊರಟುಬಿಡುತ್ತಾನೆ. ಗೆಲ್ಲುತ್ತಾನೆ ಕೂಡ. ಬರುವ ದಾರಿಯಲ್ಲಿ ಕುದುರೆ ಹಾವಿಗೆ ಬೆದರಿ ಅವನನ್ನು ಕೆಡವಿ ಒಂಟಿಯಾಗಿ ಓಡಿಬರುತ್ತದೆ. ದಾಸಿ ಓಡಿ ಬಂದು "ಸವಾರನಿಲ್ಲ ತಾಯಿ" ಅನ್ನುತ್ತಾಳೆ. ಕುಮುದಾಂಗಿ ವಿಷ ಕುಡಿಯುತ್ತಾಳೆ. ಒಂದು ಹಾಡು ಮುಗಿಯುವಷ್ಟರಲ್ಲಿ ಮಯೂರಕೇತು ಕುಂಟುತ್ತಾ ಬಂದು, ಅವಳನ್ನು ನೋಡಿ, ಕತ್ತಿಯಿಂದ ಇರಿದುಕೊಳ್ಳುತ್ತಾನೆ. ಕೊನೆಗೆ ರಾಜ ಬಂದು ಎರಡು ಹೆಣದ ಮುಂದೆ ಅಳುತ್ತಾನೆ. ಅಲ್ಲ ಕಣ್ರೀ, ಕುದುರೆ ಒಂದೇ ಬಂದರೆ ಸವಾರ ಸತ್ತ ಅಂತಲೇ ಯಾಕಾಗಬೇಕು? ಬಿದ್ದಿರಬಹುದು. ನೀರು ಕುಡಿಯಲು ಇಳಿದಿರಬಹುದು. ಆ ನಾಟಕದಲ್ಲಿ ಒಬ್ಬರಿಗೂ ಒಂದು ಉಸಿರು ತಡೆದು ನಿಲ್ಲುವ ವ್ಯವಧಾನವಿಲ್ಲ. ಪ್ರೀತಿ ಮಾಡಿದವರಿಗೆ ಕೆಟ್ಟ ಸುದ್ದಿ ತಟ್ಟನೆ ನಂಬಿಕೆಯಾಗುತ್ತದೆ, ಒಳ್ಳೆಯದನ್ನು ಹೇಳಿದರೆ ಸಾಕ್ಷಿ ಕೇಳುತ್ತಾರೆ.

ಇದೆಲ್ಲ ಸುಮ್ಮನೆ ಆಟವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈರಯ್ಯನ ಬಣ್ಣ ಹತ್ತಿತೆಂದರೆ, ತೊಳೆಯುವವರೆಗೆ ನೀವು ನೀವಲ್ಲ. ಕುಮುದಾಂಗಿ ಅಂದರೆ ಕುಮುದಾಂಗಿಯೇ. ವಿಷದ ಬಟ್ಟಲಲ್ಲಿ ಇರುವುದು ಬೇವಿನ ಕಷಾಯ, ಕತ್ತಿ ಇರುವುದು ಬೆಂಡಿನದು, ಆದರೂ ತಣ್ಣಗೆ ಮಲಗಿಬಿಡುತ್ತಾರೆ. ಕೆಳಗೆ ಕೂತವರ ಗದ್ದಲ ಅವರಿಗೆ ಕೇಳಿಸುವುದಿಲ್ಲ. ಒಂದು ಸಲ ಯಾರೋ ಪುಣ್ಯಾತ್ಮ ಬಟ್ಟಲನ್ನೇ ಬಚ್ಚಿಟ್ಟಿದ್ದ. ಆ ವರ್ಷದ ಕುಮುದಾಂಗಿ ಅಟ್ಟಣೆಯಿಂದ ಹಾರಿ ಕಾಲು ಮುರಿದುಕೊಂಡಳು. ಬಲವಂತ ನಡೆಯುವುದಿಲ್ಲ. ಆದರೆ ಈರಯ್ಯ ಒಂದು ಮಾತು ಹೇಳುತ್ತಿದ್ದ, "ಬಣ್ಣ ಮನಸ್ಸಿಗೆ ಹತ್ತುತ್ತೆ, ಕೈಗೆ ಹತ್ತಲ್ಲ" ಅಂತ. ನಿಜವೇ. ಒಂದು ವರ್ಷ ರಾಜನಾಗಿದ್ದ ಕ್ಷೌರಿಕ ತಿಮ್ಮಯ್ಯ ಸಿಂಹಾಸನದ ಮೇಲೆ ಕೂತೇ ಕತ್ತಿಯ ಅಲಗನ್ನು ಹೆಬ್ಬೆರಳಿಂದ ಸವರಿ ನೋಡುತ್ತಿದ್ದ.

ನನ್ನ ತಮ್ಮ ರುದ್ರಪ್ಪನಿಗೆ ಪಾತ್ರೆ ಅಂಗಡಿ. ತಾಮ್ರ, ಹಿತ್ತಾಳೆ, ಜಂಬ, ಮೂರೂ ಧಾರಾಳ. ಅವನ ಮಗಳು ವನಮಾಲ ಜಟಕಾ ಹೊಡೆಯುವ ಜವರಾಜುವನ್ನು ಮೆಚ್ಚಿದ್ದಳು. ಹುಡುಗ ಚೆನ್ನಾಗಿಯೇ ಇದ್ದ. ಅವನದೊಂದು ಬಿಳಿ ಕುದುರೆ, ಗೌರಿ ಅಂತ. ಎಲ್ಲೇ ಇರಲಿ, ಹುರುಳಿಯ ಹೊತ್ತಾಯಿತೆಂದರೆ ಸವಾರನನ್ನು ಕೇಳದೆ ಮನೆಗೆ ತಿರುಗುವ ಪ್ರಾಣಿ. ನಾಟಕದಲ್ಲಿ ಒಂಟಿ ಕುದುರೆಯಾಗಿ ಬರುತ್ತಿದ್ದುದೂ ಅದೇ. ಅದಕ್ಕೆ ಬಣ್ಣ ಬೇಕಾಗಿರಲಿಲ್ಲ, ಅಟ್ಟಣೆಯ ಪಕ್ಕ ಹುರುಳಿ ಇಟ್ಟರೆ ಸಾಕಾಗಿತ್ತು.

ಒಂದು ದಿನ ವನಿ ನನ್ನ ಮನೆಗೆ ಓಡಿಬಂದಳು. ಏದುಸಿರು, ಕೆದರಿದ ಕೂದಲು, ಒಂದು ಕಾಲಿನ ಚಪ್ಪಲಿಯೂ ಇಲ್ಲ. ನಮ್ಮೂರ ಪದ್ಧತಿಯೊಂದಿದೆ. ಸುದ್ದಿ ತಂದವರಿಗೆ ಮೊದಲು ಬೆಲ್ಲ ನೀರು ಕೊಡಬೇಕು. ಅವರು ಬೆಲ್ಲ ತಿಂದು ನೀರು ಕುಡಿಯುವವರೆಗೆ ಅವರು ಹೇಳಬಾರದು, ನಾವು ಕೇಳಬಾರದು, ಯಾರೂ ಕೂತಲ್ಲಿಂದ ಏಳಬಾರದು. ಸಾವಿನ ಸುದ್ದಿಯಾದರೂ ಅಷ್ಟೇ, ಹೆರಿಗೆಯ ಸುದ್ದಿಯಾದರೂ ಅಷ್ಟೇ. ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ನನ್ನ ಕೈ ತಾನಾಗಿಯೇ ಬೆಲ್ಲದ ಡಬ್ಬಿಗೆ ಹೋಯಿತು.

"ಅತ್ತೆ, ಅಪ್ಪ..."

"ಬಾಯಿ ಮುಚ್ಚು. ಮೊದಲು ತಿನ್ನು."

ಕಣ್ಣಲ್ಲಿ ನೀರು ಸುರಿಸುತ್ತಾ ಬೆಲ್ಲ ಅಗಿದಳು. ನೀರು ಕುಡಿದಳು. ಆಮೇಲೆ ಗೋಡೆಗೆ ಒರಗಿ ಕೂತು ಹೇಳಿದಳು, "ಈ ಸಲ ನಾಟಕಕ್ಕೆ ನನ್ನನ್ನೂ ಜವರನನ್ನೂ ನಿಲ್ಲಿಸ್ತಾರಂತೆ ಅತ್ತೆ. ಅಪ್ಪನೇ ರಾಜನಂತೆ." ಮಗಳ ನಾಟಕಕ್ಕೆ ಅಪ್ಪ ರಾಜನಾಗುವುದು ನಮ್ಮಲ್ಲಿ ರೂಢಿ. ಅವಳು ಮೂಗು ಒರೆಸಿಕೊಂಡಳು. "ಬರೋವಾಗ ಕೆರೆಗೆ ಹಾರಬೇಕು, ನಿನಗೆ ಹೇಳಿಯೇ ಹಾರಬೇಕು ಅಂತ ಬಂದೆ."

"ಈಗ?"

"ಈಗ..." ತುಟಿ ನೆಕ್ಕಿಕೊಂಡಳು. "ಈಗ ಹಾರೋದು ಬೇಡ ಅನ್ನಿಸ್ತಿದೆ. ಸಾಯೋಕಲ್ಲ ಅತ್ತೆ ಭಯ. ಅವನ ಮುಖ ನೋಡಿ ಏನೂ ಅನ್ನಿಸದೆ ಮನೆಗೆ ಹೋಗ್ತೀನಲ್ಲ, ಅದು ಭಯ. ಏನಾದ್ರೂ ಮಾಡು."

ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಯಾರೂ ಪ್ರತಿಜ್ಞೆ ಮಾಡಿದ್ದನ್ನು ನಾನು ನೋಡಿಲ್ಲ. ಆ ಕ್ಷಣಕ್ಕೆ ನನಗೆ ಅದು ಹೊಳೆಯಲಿಲ್ಲ. ಮೊದಲು ತಮ್ಮನ ಅಂಗಡಿಗೆ ಹೋಗಿ ಜಗಳವಾಡಿ ಬಂದೆ. "ಜಟಕಾ ಹೊಡೆಯೋನಿಗೆ ಮಗಳನ್ನ ಕೊಡ್ಲಾ ಅಕ್ಕ? ನಿನಗೂ ಬಣ್ಣ ತೊಳೆಸಿದ್ರು. ಏನಾಯ್ತು ನಿನಗೆ? ಚೆನ್ನಾಗೇ ಇದ್ದೀಯಲ್ಲ" ಅಂದ. ಕೈಯಲ್ಲಿದ್ದ ಹಿತ್ತಾಳೆ ಚೊಂಬನ್ನು ಅವನ ತಲೆಗೆ ಎಸೆಯಬೇಕು ಅನ್ನಿಸಿತು. ಹೊಸ ಚೊಂಬು, ತಗ್ಗು ಬೀಳುತ್ತದೆ ಅಂತ ಬಿಟ್ಟೆ. ಮನೆಗೆ ಬಂದು ವನಿ ಕುಡಿದಿಟ್ಟ ಲೋಟ ತೊಳೆಯುವಾಗ ಹೊಳೆಯಿತು ನೋಡಿ. ದಾಸಿಯ ಪಾತ್ರ ವರ್ಷಾವರ್ಷ ನನ್ನದೇ. ನಾಟಕದಲ್ಲಿ ಸುದ್ದಿ ತರುವವಳು ನಾನೇ. ಅಟ್ಟಣೆಯ ಮೇಲೆ ಇಬ್ಬರೂ ಸಾಯದೆ ಉಳಿದರೆ ಪ್ರೀತಿಯೂ ನೀರಿಗೆ ಹೋಗದೆ ಉಳಿದೀತು ಅನ್ನಿಸಿತು.

ಆದರೆ ಬಣ್ಣ ಹಚ್ಚಿಕೊಂಡರೆ ನಾನು ನಿಂಗಾಜಮ್ಮ ಆಗಿರುವುದಿಲ್ಲವಲ್ಲ, ಆ ಪೆದ್ದು ದಾಸಿ ಆಗಿಬಿಡುತ್ತೇನೆ. ಬಾಯಿ ಬಿಟ್ಟ ಕೂಡಲೇ "ಸವಾರನಿಲ್ಲ" ಅಂದುಬಿಡುತ್ತಾಳೆ ಅವಳು. ಹಾಗಾಗಿ ಈರಯ್ಯನ ಹತ್ತಿರ ಹೋದೆ. ಅವನು ಚಿಪ್ಪುಗಳಲ್ಲಿ ಬಣ್ಣ ಅರೆಯುತ್ತಾ ಕೂತಿದ್ದ.

"ಈ ಸಲ ನನಗೆ ಬಣ್ಣ ಬೇಡ. ಅರಿಶಿನ ಕುಂಕುಮ ಕಲಸಿ ಬಳಿದುಬಿಡಿ. ದೂರದಿಂದ ಗೊತ್ತಾಗಲ್ಲ" ಅಂದೆ.

"ಬಣ್ಣವಿಲ್ಲದೆ ಅಟ್ಟಣೆ ಹತ್ತೋ ಹಂಗಿಲ್ಲ ನಿಂಗಾಜಮ್ಮನೋರೆ. ಗೊತ್ತಾದ್ರೆ ಈ ಕೆಲಸ ಬಿಡಿಸ್ತಾರೆ ನನ್ನ." ನಾನು ಯಾಕೆ ಅಂತ ಹೇಳಿದೆ. ಎಲ್ಲ ಹೇಳಿದೆ. ಅವನು ಅರೆಯುವುದನ್ನು ನಿಲ್ಲಿಸಿದ. ಕೈ ಒರೆಸಿಕೊಂಡು ಹೇಳಿದ, "ನಮ್ಮ ನಾಟಕದ ದಿನ ನಾನು ಹುಣಸೇಮರದವರೆಗೆ ಬಂದಿದ್ದೆ. ನೀವು ಬಟ್ಟಲು ಎತ್ತಿದ್ದು ಕಾಣಿಸ್ತಿತ್ತು. ಕೂಗಿದೆ. ಹಾಡಿನ ಸದ್ದಲ್ಲಿ ನಿಮಗೆ ಕೇಳಿಸಲಿಲ್ಲ. ಯಾಕೆ ಕೂಗಿದೆ, ಏನು ಸಂಕಟ ಆಯ್ತು, ಒಂದೂ ನೆನಪಿಲ್ಲ. ಹುಣಸೇಮರ ಮಾತ್ರ ನೆನಪಿದೆ." ಹುಣಸೇಮರ ಅಟ್ಟಣೆಯಿಂದ ಕೂಗಳತೆಯ ದೂರ. ಅವನು ಎದ್ದು ಹೋಗಿ ಅರಿಶಿನದ ಬಟ್ಟಲು ತಂದ.

"ಬೆಲ್ಲ ಗಟ್ಟೀದು ಇಡಿ. ಹಳೇದು, ಕರೀದು" ಅಂದ.

ನಾಟಕದ ದಿನ ಬಂತು. ಊರಿಗೆ ಊರೇ ಚಾಪೆ ಹಾಸಿಕೊಂಡು ಕೂತಿತ್ತು. ಕೂತವರಲ್ಲಿ ಅರ್ಧದಷ್ಟು ಜನ ಒಂದೊಂದು ಕಾಲದಲ್ಲಿ ಆ ಅಟ್ಟಣೆಯ ಮೇಲೆ ಸತ್ತವರೇ. ಮಕ್ಕಳಿಗೆ ಚಕ್ಕುಲಿ ಮುರಿದು ಕೊಡುತ್ತಾ ನೋಡುತ್ತಿದ್ದರು. ವನಿ ಮುಖಕ್ಕೆ ಬಣ್ಣ ಹತ್ತಿದ ಮೇಲೆ ನನ್ನನ್ನು "ದಾಸಿ" ಅಂದಳು, ಅತ್ತೆ ಅನ್ನಲಿಲ್ಲ. ಮೊದಲನೇ ಹಾಡಿಗೆ ನೋಡಿದರು, ಎರಡನೇ ಹಾಡಿಗೆ ಹಾರ ಹಾಕಿಕೊಂಡರು. ಕಿರೀಟ ಇಟ್ಟ ನನ್ನ ತಮ್ಮ ಮೀಸೆ ಕುಣಿಸಿ ಅಬ್ಬರಿಸಿದ. ಜವರಾಜು ಕುದುರೆ ಹತ್ತಿ ಹೊಲದ ಕಡೆಗೆ ಹೋದ. ಅಟ್ಟಣೆಯ ಮೇಲೆ ಹೂವಿನ ತಟ್ಟೆ ಇಡುವ ಜಾಗದಲ್ಲಿ ನಾನು ಒಂದು ಚೊಂಬು ನೀರು, ಬಾಳೆಲೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಕರಿಬೆಲ್ಲ ಇಟ್ಟಿದ್ದೆ. ಬೆಲ್ಲ ಅನ್ನುವುದಕ್ಕಿಂತ ಅದನ್ನು ಕಲ್ಲು ಅನ್ನಬಹುದು.

ಗೌರಿ ಒಂಟಿಯಾಗಿ ಓಡಿಬಂತು. ಹುರುಳಿಗೆ ಮೂತಿ ಇಟ್ಟಿತು. ವನಿ ಅದನ್ನು ನೋಡಿದಳು, ವಿಷದ ಬಟ್ಟಲು ಕೈಗೆ ಬಂತು. ನಾನು ಓಡಿಹೋಗಿ ಅವಳ ಮುಂದೆ ನಿಂತೆ.

"ದಾಸಿ! ಸವಾರನೆಲ್ಲಿ? ಹೇಳು!"

ನಾನು ದೊಪ್ಪನೆ ನೆಲದ ಮೇಲೆ ಕೂತೆ. "ಸುದ್ದಿ ತಂದಿದ್ದೇನೆ ತಾಯಿ. ದೂರದಿಂದ ಬಂದೆ. ಬಾಯಿ ಒಣಗಿದೆ" ಅಂದೆ.

ಬಟ್ಟಲು ಅವಳ ತುಟಿಯ ಹತ್ತಿರ ಇತ್ತು. ಮನಸ್ಸು ಪೂರ್ತಿ ಕುಮುದಾಂಗಿಯದೇ, ಕಣ್ಣಲ್ಲಿ ನನ್ನ ಗುರುತು ಇರಲಿಲ್ಲ. ಆದರೆ ಬಟ್ಟಲು ಹಿಡಿದ ಕೈ ನಿಂತಿತು. ಏನೋ ಮರೆತವಳ ಹಾಗೆ ಆ ಕೈ ಸುತ್ತ ತಡಕಾಡಿತು. ಮೆಲ್ಲಗೆ ಬಟ್ಟಲನ್ನು ಕೆಳಗಿಟ್ಟು, ಬಾಳೆಲೆ ಎತ್ತಿ ನನ್ನ ಮುಂದೆ ಹಿಡಿಯಿತು. ಅದು ನಮ್ಮ ವನಿಯ ಕೈ. ನಮ್ಮೂರಿನ ಕೈ.

ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಇದ್ದ ನಾಲ್ಕು ಹಲ್ಲಲ್ಲಿ ಕಚ್ಚಿದೆ. ಅದು ಅಲ್ಲಾಡಲಿಲ್ಲ. ಇನ್ನೂ ಒಳ್ಳೆಯದಾಯಿತು ಅಂತ ದವಡೆಗೆ ತಳ್ಳಿಕೊಂಡು ಚೀಪತೊಡಗಿದೆ. ಭಾಗವತರು ಅಭ್ಯಾಸಬಲದಿಂದ ಸಾವಿನ ಹಾಡು ಎತ್ತಿಕೊಂಡವರು, ಹುಡುಗಿ ಇನ್ನೂ ನಿಂತೇ ಇರುವುದನ್ನು ನೋಡಿ ಒಂದು ಸಾಲಿಗೇ ನಿಲ್ಲಿಸಿದರು. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಗೊಂಯ್ ಅನ್ನುತ್ತಿತ್ತು. ಜನ ಮೊದಲು ನಕ್ಕರು. "ಅಜ್ಜಿ ಹಸ್ಕೊಂಡು ಬಂದವ್ಳೆ" ಅಂದರು. ಆಮೇಲೆ ನಗು ನಿಂತಿತು. ಯಾರಿಗೋ ಅರ್ಥವಾಯಿತು. ಯಾರಿಗೆ ಅಂತ ಗೊತ್ತಿಲ್ಲ, ಒಂದು ಹೆಂಗಸಿನ ದನಿ ಕಿರುಚಿತು.

"ನಿಧಾನಕ್ಕೆ ತಿನ್ನು ನಿಂಗಾಜಕ್ಕಾ!"

"ನುಂಗಬೇಡ ಕಣವ್ವಾ!"

"ಹಿಂದೆ ನೋಡ್ರೋ, ಎಲ್ಲಿದ್ದಾನೆ ನೋಡ್ರೋ ಹುಡುಗ!"

"ಹೊಲದ ಬದೂಲಿ ಅವ್ನೆ! ಕುಂಟ್ತಾ ಬತ್ತಾವ್ನೆ!"

ಇದೇನೂ ವನಿಗೆ ಕೇಳಿಸುತ್ತಿರಲಿಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು. ಕಣ್ಣೀರು ಕೆನ್ನೆಯ ಬಣ್ಣದಲ್ಲಿ ಗೆರೆ ಕೊರೆಯುತ್ತಿತ್ತು. ಒಮ್ಮೆ ಬಟ್ಟಲಿನ ಕಡೆ ಬಗ್ಗಿದಳು. ನಾನು ತುಂಬಿದ ಬಾಯಲ್ಲೇ "ಊಂ ಊಂ" ಅಂದು ನೀರಿಗೆ ಕೈ ಚಾಚಿದೆ. ಚೊಂಬು ಎತ್ತಿ ಕೊಟ್ಟಳು. ಒಂದು ಗುಟುಕು ಕುಡಿದೆ, ಕೆಮ್ಮಿದೆ, ಮತ್ತೆ ಒಂದು ಗುಟುಕು ಕುಡಿದೆ. ಜೀವಮಾನದಲ್ಲಿ ಅಷ್ಟು ನಿಧಾನಕ್ಕೆ ನೀರು ಕುಡಿದಿಲ್ಲ. ಊರೆಲ್ಲ ಎದ್ದು ನಿಂತು ಹಿಂದಕ್ಕೆ ತಿರುಗಿತ್ತು. ತಮ್ಮ ತಮ್ಮ ಪ್ರೀತಿಯನ್ನು ಕೆರೆಗೆ ಬಿಟ್ಟು ಬಂದವರು, ಏನು ಕಳೆದುಕೊಂಡೆವೆಂದೇ ಗೊತ್ತಿಲ್ಲದವರು, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಅಷ್ಟು ವರ್ಷದ ನನ್ನ ಸಿಟ್ಟು ಯಾರ ಮೇಲಿತ್ತೆಂದು ಆಗ ಗೊತ್ತಾಯಿತು. ಯಾವ ಮನುಷ್ಯನ ಮೇಲೂ ಅಲ್ಲ, ಆ ಅವಸರದ ಮೇಲೆ.

"ಹುಣಸೇಮರ ದಾಟಿದ!" ಇದು ಈರಯ್ಯನ ದನಿ. ಅವನು ಕೂಗಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಬೆಲ್ಲ ಕರಗಿತ್ತು. ಚೊಂಬು ಕೆಳಗಿಟ್ಟು ಬಾಯಿ ಒರೆಸಿಕೊಂಡೆ. "ಕುದುರೆ ಮುಂದೆ ಬಂತು ತಾಯಿ" ಅಂದೆ. "ಸವಾರ ಹಿಂದೆ ಬರುತ್ತಿದ್ದಾನೆ. ಕಾಲು ಉಳುಕಿದೆ, ಅದಕ್ಕೆ ತಡ. ಅಗೋ."

ಜನ ಎರಡು ಪಾಲಾಗಿ ದಾರಿ ಬಿಟ್ಟರು. ನಡುವೆ ಧೂಳು ಮೆತ್ತಿಕೊಂಡ ಜವರಾಜು ಒಂದು ಕಾಲು ಎಳೆಯುತ್ತಾ ಬಂದ. ವನಿ ಓಡುವಾಗ ಅವಳ ಸೀರೆಯ ಅಂಚು ತಾಗಿ ಬಟ್ಟಲು ಉರುಳಿತು, ಕಷಾಯ ಹಲಗೆಯ ಸಂದಿಯಲ್ಲಿ ಇಳಿದುಹೋಯಿತು. ನಾನು ಕೂತಲ್ಲೇ ಕೂತು ಗೊಳೋ ಅಂತ ಅತ್ತೆ. ನಾಟಕ ಮುಗಿದಿರಲಿಲ್ಲ, ಆದರೆ ಮುಂದಿನ ಮಾತು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ. ರಾಜನ ಪ್ರವೇಶ ಬಾಕಿಯಿತ್ತಲ್ಲ.

ನನ್ನ ತಮ್ಮ ಕಿರೀಟ ಸರಿಮಾಡಿಕೊಳ್ಳುತ್ತಾ ಬಂದ, ನೆಲದ ಕಡೆಗೇ ಕಣ್ಣಿಟ್ಟು ಎರಡು ಕೈ ಎತ್ತಿ ವರ್ಷಾವರ್ಷ ರಾಜ ಹೇಳುವ ಮಾತನ್ನೇ ಹೇಳಿದ. "ಅಯ್ಯೋ ಮಕ್ಕಳೇ! ನೀವು ಜೀವದಿಂದಿದ್ದರೆ ನನ್ನ ಕೈಯಾರೆ ಧಾರೆ ಎರೆದು ಕೊಡುತ್ತಿದ್ದೆನಲ್ಲಾ!"

"ಜೀವದಿಂದಿದ್ದೇವೆ ಮಹಾಪ್ರಭು" ಅಂದ ಜವರಾಜು.

ರಾಜ ತಲೆ ಎತ್ತಿ ನೋಡಿದ. ಆ ರಾಜ ಕೆಟ್ಟವನಲ್ಲ, ಸುಳ್ಳುಗಾರನಂತೂ ಅಲ್ಲ. ಯಾವಾಗಲೂ ತಡವಾಗಿ ಬರುತ್ತಾನೆ, ಅದೊಂದೇ ಅವನ ದೋಷ. ಈ ಸಲ ಅವನು ತಡವಾಗಿರಲಿಲ್ಲ. ಮೀಸೆ ನಡುಗಿತು. ಮಗಳ ಕೈ ಹಿಡಿದು ಹುಡುಗನ ಕೈಯ ಮೇಲಿಟ್ಟ. ನಾನು ಕುಡಿದು ಬಿಟ್ಟಿದ್ದ ಅರ್ಧ ಚೊಂಬು ನೀರು ಪಕ್ಕದಲ್ಲೇ ಇತ್ತು. ಎಂಜಲು, ಆಗಲಿ ಬಿಡಿ. ಎತ್ತಿ ಧಾರೆ ಎರೆದೇಬಿಟ್ಟ. ಭಾಗವತರು ಸಾವಿನ ಹಾಡಿನ ಪುಟ ಮಡಚಿ, ತಮಗೆ ಬಾಯಿಪಾಠವಿದ್ದ ಒಂದೇ ಒಂದು ಸೋಬಾನೆ ಶುರುಮಾಡಿದರು. ಹೆಂಗಸರೆಲ್ಲ ದನಿಗೂಡಿಸಿದರು. ಆ ಗದ್ದಲದಲ್ಲೂ ಗೌರಿ ಮೂತಿ ಎತ್ತಲಿಲ್ಲ, ಹುರುಳಿ ಇನ್ನೂ ಮುಗಿದಿರಲಿಲ್ಲ.

ನಿಜವಾದ ಪರೀಕ್ಷೆ ಇದ್ದದ್ದು ಕೆರೆಯಲ್ಲಿ. ಊರೆಲ್ಲ ಏರಿಯ ಮೇಲೆ ನಿಂತಿತ್ತು. ಮೊದಲು ರುದ್ರಪ್ಪ ಮುಖ ತೊಳೆದ. ಕೈಯಲ್ಲಿದ್ದ ಚೊಂಬನ್ನು ಹೊರಳಿಸಿ ನೋಡಿದ. ಅವನ ಅಂಗಡಿಯದೇ.

"ಅಕ್ಕ, ನಾನೇನು ಮಾಡಿದೆ?"

"ಧಾರೆ ಎರೆದೆ."

"ಎರೆದದ್ದು ಬಣ್ಣ ಕಣೇ, ನಾನಲ್ಲ!"

"ಬಣ್ಣ ಕೈಗೆ ಹತ್ತಲ್ಲವಂತೆ. ಎರೆದದ್ದು ಕೈ. ಯಾರದ್ದೋ ಅದು?"

ಅವನು ಚೊಂಬು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟ. ವನಿ, ಜವರಾಜು ಇಬ್ಬರೂ ನೀರಿಗಿಳಿದಿದ್ದರು. ಕೆಂಪು, ಹಳದಿ, ಕಪ್ಪು ಎಲ್ಲ ನೀರಲ್ಲಿ ಹರಡಿತು. ಮುಖ ಎತ್ತಿದರು. ಒಬ್ಬರನ್ನೊಬ್ಬರು ನೋಡಿದರು. ಜವರಾಜು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಸುಮ್ಮನೆ ತಿರುಗಿ, ಗಂಡಸರ ಮೆಟ್ಟಿಲು ಹತ್ತತೊಡಗಿದ. ಹೋಯಿತು ಅಂದುಕೊಂಡೆ. ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯಿತು ಅಂದುಕೊಂಡೆ. ಈರಯ್ಯ ಮುಖ ಆಚೆ ತಿರುಗಿಸಿದ.

"ಏಯ್ ಜವರಾ!" ವನಿಯ ದನಿ. "ಆ ಕಾಲಲ್ಲಿ ಎಲ್ಲಿಗೆ ಹೊರಟೆ?"

ಅವನು ಹಿಂತಿರುಗಿ ನೋಡಿದ. ನಮ್ಮೂರ ಕೆರೆಯ ಮೆಟ್ಟಿಲ ಮೇಲೆ ಹಾಗೆ ಹಿಂತಿರುಗಿ ನೋಡಿದ ಮೊದಲನೆಯವನು ಅವನು.

"ಗಾಡಿ ತರ್ತೀನಿ ಕಣೇ. ಒದ್ದೆ ಸೀರೇಲಿ ನಡ್ಸ್ಕೊಂಡು ಹೋಗ್ಲಾ ನಿನ್ನ?"

ಅಯ್ಯಪ್ಪಾ, ಎದ್ದ ಕೇಕೆಗೆ ಕೆರೆಯ ಕೊಕ್ಕರೆಗಳೆಲ್ಲ ಹಾರಿಹೋದವು. ಯಾರು ಯಾರನ್ನು ತಬ್ಬಿಕೊಂಡರೋ ದೇವರಿಗೇ ಗೊತ್ತು. ಆ ಗಲಾಟೆಯೊಳಗೆ ನನ್ನ ತಮ್ಮ ಎದ್ದು ನಿಂತ. ಇವನೇನು ಮಾಡುತ್ತಾನೋ ಅಂತ ಜನ ತಿರುಗಿ ನೋಡಿದರು. ಅವನು ಚೊಂಬನ್ನು ಕೆರೆಯ ತಿಳಿನೀರಲ್ಲಿ ಅದ್ದಿ ತುಂಬಿಸಿದ, ಗಂಡಸರ ಮೆಟ್ಟಿಲ ಹತ್ತಿರ ಹೋದ, ಗಂಟಲು ಸರಿಮಾಡಿಕೊಂಡ.

"ನಿಂತ್ಕೊಳ್ಳಿ ಅಳಿಯಂದ್ರೇ" ಅಂದ. "ಬೆಲ್ಲ ನೀರು ತಗೊಂಡು ಹೋಗಿ." ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕ, ಬೆಲ್ಲ ಎಲ್ಲೇ?"

"ನಾನು ತಿಂದೆ ಕಣೋ! ಪೂರ್ತಿ!"

ಈರಯ್ಯ ತನ್ನ ಬಣ್ಣದ ಪೆಟ್ಟಿಗೆ ತೆರೆದು, ತಳದಿಂದ ಒಂದು ಬಾಳೆಲೆಯ ಪೊಟ್ಟಣ ತೆಗೆದ. ನನಗೆ ಸಾಲದೇ ಹೋದರೆ ಇರಲಿ ಅಂತ ಇನ್ನೊಂದು ಅಚ್ಚು ತಂದಿಟ್ಟಿದ್ದನಂತೆ. ಜವರಾಜು ತಿಂದ, ನೀರು ಕುಡಿದ. ಉಳಿದದ್ದನ್ನು ಈರಯ್ಯ ಮೊಣಕಾಲಿಗೆ ಕುಟ್ಟಿ ಎರಡು ತುಂಡು ಮಾಡಿದ. ಒಂದನ್ನು ತಾನು ಇಟ್ಟುಕೊಂಡು ಇನ್ನೊಂದನ್ನು ನನ್ನ ಮುಂದೆ ಹಿಡಿದ. ದವಡೆ ಸಿಡಿಯುವ ಹಾಗೆ ನೋಯುತ್ತಿತ್ತು. ಆದರೂ ಇಸಿದುಕೊಂಡೆ.